ಜಯಂತನ ಆಂಪ್ಲಿಫೈಯರ್ ಸೋತ ಭಾನುವಾರ

ಜಯಂತನ ಹನ್ನೊಂದು ವಾರದ ಕೂಲಿ ಇನ್ನೂ ಬಾಕಿ ಇದೆ. ಕೊಡಬೇಕಾದವನು ಹ್ಯೂಸ್ಟನ್ ಪಕ್ಕದ ಕೇಟಿಯ ನರಸಿಂಹ. ಮೈಸೂರಿನವನು, ತೈಲ ಕಂಪನಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರು. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದ ಚಟ ಒಂದೇ, ಸಂಗೀತ ಕೇಳುವ ಯಂತ್ರಗಳು. ಎರಡು ಸಾವಿರದ ಒಂದರಲ್ಲಿ ನಾಲ್ಕು ಸಾವಿರ ಡಾಲರ್ ಸುರಿದು ಒಂದು ಪವರ್ ಆಂಪ್ಲಿಫೈಯರ್ ತಂದ. ಸ್ಪೀಕರಿಗೆ ಕಸುವು ತುಂಬುವ ಕಪ್ಪು ಪೆಟ್ಟಿಗೆ. ಎತ್ತಲು ಇಬ್ಬರು ಬೇಕು.

"ಅಡುಗೆಮನೆ ಕಟ್ಟೆ ಹೊಸದು ಹಾಕಿಸೋಣ ಅಂದಿದ್ರಲ್ಲ?" ಎಂದು ಹೆಂಡತಿ ಅಲಮೇಲು ಕೇಳಿದಳು.

"ಇಂಥ ನಾದ ಇನ್ಯಾವುದರಲ್ಲೂ ಬರಲ್ಲ ಕಣೆ" ಅಂದ.

ಅದೇ ಹೊತ್ತಿಗೆ ಡಾಲಸ್ ಕಡೆಯ ಟೆಲಿಕಾಂ ಕಂಪನಿಗಳು ಜನರನ್ನು ಕಸದ ಹಾಗೆ ಗುಡಿಸಿ ಆಚೆ ಹಾಕುತ್ತಿದ್ದವು. ಯೂಲೆಸ್‌ನಲ್ಲಿದ್ದ ಧಾರವಾಡದ ಜಯಂತನೂ ಆ ಕಸದಲ್ಲಿ ಸೇರಿಹೋದ. ಗ್ರೀನ್ ಕಾರ್ಡಿತ್ತು, ಕೆಲಸವಿರಲಿಲ್ಲ. ಬೆಸುಗೆ ಹಾಕುವುದರಲ್ಲಿ ಮಾತ್ರ ಪಳಗಿದ ಕೈ. ಅವನನ್ನು ಹುರಿದುಂಬಿಸಿದವನು ನರಸಿಂಹನೇ.

"ನೀನೇ ಒಂದು ಆಂಪ್ ಕಟ್ಟೋ. ನಮ್ಮನೇಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳೋಣ. ನಿಂದು ಸರಿಸಮ ಬಂದರೆ ನನ್ನದೇ ಮೊದಲ ಆರ್ಡರ್. ಡಾಕ್ಟರ್ ರಾಜಗೋಪಾಲ ತಗೋತಾನೆ, ಇನ್ನೂ ಮೂವರಿದ್ದಾರೆ."

ಐದು ಆರ್ಡರ್ ಅಂದರೆ ಜಯಂತನ ಮನೆಗೆ ಆರು ತಿಂಗಳ ಅನ್ನ. ಹನ್ನೊಂದು ವಾರ ಗ್ಯಾರೇಜಿನಲ್ಲಿ ಕೂತು ಕಟ್ಟಿದ. ಮರುವರ್ಷ ಏಪ್ರಿಲ್‌ನ ಒಂದು ಭಾನುವಾರ ನಾಲ್ಕು ತಾಸು ಡ್ರೈವ್ ಮಾಡಿಕೊಂಡು ಬಂದು, ಚೆಲುವಿಲ್ಲದ ತಗಡಿನ ಪೆಟ್ಟಿಗೆ ಇಳಿಸಿ, ಸ್ನಾನಕ್ಕೆ ಹೋದ.

ಈ ಹುಚ್ಚು ಹಿಡಿದವರಿಗೆಲ್ಲ ಗೊತ್ತಿರುವ ಸಂಗತಿ ಒಂದಿದೆ. ಎರಡು ಆಂಪ್ ಹೋಲಿಸುವಾಗ ಒಂದರ ದನಿ ಕೂದಲೆಳೆಯಷ್ಟು ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ಒಳ್ಳೆಯದು ಅನ್ನುತ್ತದೆ. ಅದಕ್ಕೇ ಮೊದಲು ಮೀಟರ್ ಹಿಡಿದು ಎರಡನ್ನೂ ಸಮ ಮಾಡಬೇಕು. ನರಸಿಂಹ ಮಾಡಿದ. ವೀಣೆಯ ಸಿ.ಡಿ. ಹಾಕಿ ಕೇಳಿದ. ಅದಲುಬದಲು ಮಾಡಿ ಮತ್ತೆ ಕೇಳಿದ. ಯಾವುದು ಯಾವುದೆಂದು ತಿಳಿಯಲಿಲ್ಲ.

ಸಂತೋಷಪಡಬೇಕಿತ್ತು. ಕಣ್ಣೆದುರು ಬಂದದ್ದು ಸೀಳು ಬಿಟ್ಟ ಅಡುಗೆಕಟ್ಟೆ, ನಾಲ್ಕು ಸಾವಿರ ದಂಡವಾಯಿತೆಂದು ನಗುವ ರಾಜಗೋಪಾಲ. ಬಚ್ಚಲಲ್ಲಿ ಇನ್ನೂ ನೀರು ಬೀಳುತ್ತಿತ್ತು. ಜಯಂತನ ಪೆಟ್ಟಿಗೆಯ ಹಿಂದಿದ್ದ ದನಿಯ ಗುಂಡಿಯನ್ನು ಚೂರೇ ಚೂರು ಕೆಳಕ್ಕೆ ತಿರುಗಿಸಿದ.

ಊಟಕ್ಕೆ ಮುಂಚೆ ಗೆಳೆಯರು ಸೇರಿದರು. ಎರಡೂ ಪೆಟ್ಟಿಗೆ ಕಾಣದಂತೆ ಬೆಡ್‌ಶೀಟು ಕಟ್ಟಿದ್ದಾಯಿತು. ಅದರ ಹಿಂದೆ ಸ್ವಿಚ್ ಬದಲಿಸಲು ಅಲಮೇಲು ಕೂತಳು.

"ಅಣ್ಣಾ, ಅಳದು ಸಮ ಮಾಡೀರಲ್ರಿ?" ಎಂದು ಕೇಳಿದ ಜಯಂತ.

"ಮಾಡಿದೀನಿ ಕಣೋ. ನನಗೇ ಹೇಳಿಕೊಡ್ತೀಯಾ?"

ಜಯಂತ ನಂಬಿದ. ಮೀಟರ್ ಕೈಗೆತ್ತಿಕೊಳ್ಳಲೂ ಇಲ್ಲ.

ಹತ್ತು ಸಲ ಅದಲುಬದಲಾಯಿತು. ತೀರ್ಪು ಕೊಟ್ಟವನು ಡಾಕ್ಟರು. "ಮೊದಲನೇದು ಎದುರಿಗೆ ಬಂದು ಕೂತು ನುಡಿಯುತ್ತೆ. ಎರಡನೇದಕ್ಕೆ ಯಾಕೋ ಸಣ್ಣ ಜ್ವರ ಇದ್ದಂಗಿದೆ ಮಾರಾಯ." ಎಲ್ಲರೂ ನಕ್ಕರು. ಶೀಟು ಸರಿಸಿದರೆ, ಜ್ವರದ್ದು ಜಯಂತನದು.

"ನಂದ ಎಲ್ಲೋ ತಪ್ಪಾಗೇದ" ಅಂದ ಅವನು. ಬಿಸಿಬೇಳೆ ಬಾತ್ ತಿಂದ, ಹಪ್ಪಳ ಚಲೋ ಆಗ್ಯಾವ ಅಂದ. ಹೊರಡುವಾಗ ಪೆಟ್ಟಿಗೆ ಎತ್ತಲಿಲ್ಲ. "ಇಲ್ಲೇ ಇರಲಿ ಬಿಡ್ರಿ. ಮತ್ತ ಹೊತಗೊಂಡು ಹೋಗ್ಲಿಕ್ಕೆ ಮನಸ್ಸಿಲ್ಲ."

ಪಾತ್ರೆ ತೊಳೆಯುತ್ತ ಅಲಮೇಲು ಹೇಳಿದಳು: "ನನಗೇನೋ ಎರಡೂ ಒಂದೇ ಥರ ಕೇಳಿಸ್ತಪ್ಪ. ಒಂದು ಸ್ವಲ್ಪ ಮೆಲ್ಲಗಿತ್ತು, ಅಷ್ಟೆ."

ನರಸಿಂಹ ಒದ್ದೆ ತಟ್ಟೆಗಳನ್ನು ಒರೆಸಿ ಜೋಡಿಸತೊಡಗಿದ.

ಜಯಂತ ಬೆಸುಗೆಯ ಸಾಮಾನು ಮಾರಿ ಏರ್‌ಪೋರ್ಟಿನಲ್ಲಿ ಸರಕು ಹೇರುವ ಕೆಲಸಕ್ಕೆ ಸೇರಿದ. ಸುದ್ದಿ ತಿಳಿದು ನರಸಿಂಹ ಫೋನ್ ಮಾಡಿದ. "ಚೆಕ್ ಕಳಿಸ್ತೀನಿ ಕಣೋ. ಹನ್ನೊಂದು ವಾರ ದುಡಿದಿದ್ದೀಯ."

"ಸೋತದ್ದಕ್ಕ ಕೂಲಿ ತಗೊಳ್ಳೋದಿಲ್ರಿ ಅಣ್ಣಾ."

ನೀನು ಸೋಲಲಿಲ್ಲ ಅನ್ನುವ ಒಂದು ಮಾತು ಗಂಟಲಿಗೆ ಬಂತು. ನರಸಿಂಹ ಕೇಳಿದ್ದು: "ಆ ಕಡೆ ಮಳೆ ಹೇಗಿದೆ?"

ಆರು ವರ್ಷ ಕಳೆದಿದೆ. ತಗಡಿನ ಪೆಟ್ಟಿಗೆ ಮೇಲಿನ ಕೋಣೆಯ ಬೀರುವಿನಲ್ಲಿ ಕಂಬಳಿ ಹೊದ್ದುಕೊಂಡಿದೆ. ಅಲಮೇಲು ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ನರಸಿಂಹನೊಬ್ಬನೇ ಅದನ್ನು ಕೆಳಗಿಳಿಸುತ್ತಾನೆ. ಗುಂಡಿಯನ್ನು ಸರಿಯಾದ ಜಾಗಕ್ಕೆ ತಿರುಗಿಸಿ ಕೇಳುತ್ತಾನೆ. ವೀಣೆ ಅದೇ, ನಾದ ಅದೇ. ಅರ್ಧಕ್ಕೇ ಆರಿಸಿ ಮತ್ತೆ ಕಂಬಳಿ ಹೊದಿಸುತ್ತಾನೆ. ಎಲ್ಲರ ಮುಂದೆ ಕೆಡಿಸಿದ್ದನ್ನು ಎಲ್ಲರ ಮುಂದೆಯೇ ಸರಿಮಾಡಬೇಕು ಎಂಬುದು ಅವನಿಗೆ ಗೊತ್ತು. ಒಬ್ಬನೇ ಕೂತು ನೊಂದುಕೊಂಡರೆ ಯೂಲೆಸ್‌ನಲ್ಲಿ ಮೂಟೆ ಹೊರುವವನ ಬೆನ್ನಿಗೆ ಏನು ಬಂತು?

ಕನ್ನಡ ಸಂಘದವರನ್ನು ಅವನು ಈಗಲೂ ಊಟಕ್ಕೆ ಕರೆಯುತ್ತಾನೆ. ನಿಮ್ಮನ್ನೂ ಕರೆದಾನು. ಹೋಗಿ, ಹೊಟ್ಟೆ ತುಂಬ ತಿನ್ನಿ, ಆದರೆ ಕಪ್ಪು ಪೆಟ್ಟಿಗೆಯನ್ನು ಹೊಗಳಬೇಡಿ. ಕಂಬಳಿಯೊಳಗಿನದನ್ನು ಕೆಳಗೆ ತರಿಸಿ. ಮೀಟರ್ ನೀವೇ ಹಿಡಿದು ಸಮ ಮಾಡಿ ಕೇಳಿ. ವ್ಯತ್ಯಾಸ ಸಿಗದಿದ್ದರೆ ಎದ್ದು ಬರಬೇಡಿ. ಯೂಲೆಸ್‌ಗೆ ಫೋನ್ ಹಚ್ಚಿಸಿ, ಸೋಲಲಿಲ್ಲ ಅನ್ನುವ ಆ ಒಂದು ಮಾತನ್ನು ನಿಮ್ಮೆದುರೇ ನರಸಿಂಹನ ಬಾಯಿಂದ ಹೇಳಿಸಿ.