ತೇಲಿದ ಬೀಜಗಳು

ದೇವದುರ್ಗದ ಮಣ್ಣೇ ಶರಣಪ್ಪ ಕಾಕಾನ ಗೋಡಂಬಿ ತೋಟವನ್ನು ಕೆಡಿಸಿತು ಎಂದು ಜನ ಹೇಳುತ್ತಾರೆ. ಸುಳ್ಳು. ಅದೇ ಮಣ್ಣಿನಲ್ಲಿ ಅವರ ಹಳೆಯ ಮರ ಸಣ್ಣ ಬೀಜದ ತುಂಬ ತಿರುಳು ಕೊಡುತ್ತಿರಲಿಲ್ಲವೇ? ತೋಟ ಕೆಡಿಸಿದವನು ನಾನು — ಗೊತ್ತಿದ್ದೂ ಕೆಡಿಸಿದೆ.

ರಾಯಚೂರಿನ ಚರ್ಚಾಕೂಟಗಳಲ್ಲಿ ಗೆದ್ದು ಗೆದ್ದು ನನಗೆ ಸೋಲುವುದೇ ಮರೆತುಹೋಗಿತ್ತು. ಮಾನ್ವಿಯ ವಾಚನಾಲಯದಲ್ಲಿ ಒಂದು ಸಂಜೆ, ಕರಾವಳಿಯಿಂದ ತರಿಸಿದ ಹೆಬ್ಬೆರಳು ಗಾತ್ರದ ಗೋಡಂಬಿ ಬೀಜಗಳನ್ನು ಮೇಜಿನ ಮೇಲೆ ಸುರಿದು ವಾದಿಸಿದೆ: ಬೀಜ ದೊಡ್ಡದಾದರೆ ತಿರುಳೂ ದೊಡ್ಡದು, ತಾಯಿಮರದ ಗುಣ ಮರಿಗೆ ಬಂದೇ ಬರುತ್ತದೆ. ಹಿಂದಿನ ಸಾಲಿನಿಂದ ಶರಣಪ್ಪ ಕಾಕಾ ಕೇಳಿದರು, "ಎಮ್ಮಿ ದೊಡ್ಡದಿದ್ರ ಹಾಲು ಹೆಚ್ಚು ಕೊಡ್ತದೇನು, ತಮ್ಮಾ?" ಜನ ನಕ್ಕರು. ನಾನು ಬಿಡಲಿಲ್ಲ. "ದೊಡ್ಡ ಕೊಡದಾಗ ನೀರು ಹೆಚ್ಚು ಹಿಡೀತದೋ ಇಲ್ಲೋ, ಕಾಕಾ?" ಚಪ್ಪಾಳೆ ಬಿತ್ತು. ಕೊಡ ತುಂಬಿದೆಯೋ ಖಾಲಿಯೋ — ಯಾರೂ ಕೇಳಲಿಲ್ಲ. ಕಾಕಾ ಸೋತವರಂತೆ ನಕ್ಕು, ಆ ತಳಿಯನ್ನೇ ಹಾಕುತ್ತೇನೆಂದರು. ಒಂದು ಚೀಲ ಬೀಜ ತರಿಸಿಕೊಟ್ಟೆ.

ಬಿತ್ತುವ ಮುಂಚೆ ಬೀಜವನ್ನು ನೀರಿಗೆ ಹಾಕಿ, ತೇಲಿದ್ದನ್ನು ಎಸೆಯುವುದು ರೂಢಿ. ತೇಲಿತೆಂದರೆ ಒಳಗೆ ತಿರುಳು ಸೊರಗಿದೆ. ಕಾಕಾ ಆಚೆ ಗುಂಡಿ ತೋಡುತ್ತಿದ್ದರು. ನೀರಿನ ಬಾನಿಯ ಬಳಿ ನಾನೊಬ್ಬನೇ. ಬೀಜಗಳು ಒಂದರ ಹಿಂದೊಂದು ಮೇಲೆದ್ದು ಬಂದವು. ಮುಳುಗಿದ್ದು ಅಲ್ಲೊಂದು ಇಲ್ಲೊಂದು. ತಾಯಿಯ ಗುಣ ಮರಿಗೆ ಬರುತ್ತದೆ ಎಂದವನು ನಾನೇ ಅಲ್ಲವೇ — ಹಾಗಾದರೆ ಈ ತಳಿಯ ಮರಿ... ಮುಂದೆ ಯೋಚಿಸಲಿಲ್ಲ. ಚೀಲವನ್ನೆಲ್ಲ ಸೋಸಿ, ಮುಳುಗಿದ್ದರಲ್ಲಿ ಗುಂಡಿಗಳಿಗಾಗುವಷ್ಟು ಇಟ್ಟುಕೊಂಡು, ತೇಲಿದ್ದನ್ನು ಬೇಲಿಯಾಚೆ ಚೆಲ್ಲಿದೆ. ಕಾಕಾ ಬಂದು, ಎಷ್ಟು ತೇಲಿದವೆಂದು ಕೇಳಿದರು.

"ಎಲ್ಲಾ ಮುಳುಗ್ಯಾವ್ರಿ" ಎಂದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಹಳೆಯ ಮರದ ಪರಾಗ ಬೆರೆತರೆ ಹೊಸ ತಳಿ ಕೆಡುತ್ತದೆ, ಕಡಿದುಬಿಡಿ ಎಂದೆ. ಅದು ಅವರ ತಾಯಿ ನೆಟ್ಟ ಮರ. ಕೊನೆಗೆ ತಾವೇ ಕೊಡಲಿ ಹಿಡಿದರು.

ಗಿಡಗಳು ಫಲಕ್ಕೆ ಬಂದ ವರ್ಷ ಹೋದೆ. ಅದೇ ಹೆಬ್ಬೆರಳು ಗಾತ್ರದ ಬೀಜ, ಒಡೆದರೆ ಒಳಗೆ ಸುಕ್ಕಿದ ಚೂರು. ಹಳೆಯ ಮರದ್ದು ಬಿತ್ತೋಣವೆಂದರೆ ಒಂದು ಬೀಜವೂ ಉಳಿದಿರಲಿಲ್ಲ. "ಮಣ್ಣು ಕೈ ಕೊಡ್ತು, ತಮ್ಮಾ. ನಿಂದೇನು ತಪ್ಪಿಲ್ಲ" ಎಂದರು ಕಾಕಾ. ನಾನು ಹೌದೆಂದು ತಲೆಯಾಡಿಸಿದೆ — ಮೊದಲ ಸುಳ್ಳಿಗಿಂತ ಅದೇ ಹೇಯ. ಈಗ ಅವರು ಹೊಲ ಬಿಟ್ಟು ರಾಯಚೂರಿನ ಗಿರಣಿಯಲ್ಲಿ ಹತ್ತಿ ಮೂಟೆ ಹೊರುತ್ತಾರೆ.

ಕಾಕಾ, ನಿಮ್ಮ ಎತ್ತುಗಳು ದಿನಾ ಮೇಯುತ್ತಿದ್ದುದು ಆ ಬೇಲಿಯಾಚೆಯೇ. ನಾನು ಚೆಲ್ಲಿದ ರಾಶಿಯನ್ನು ನೀವು ಕಂಡಿದ್ದಿರಿ, ಅಲ್ಲವೇ? ಕಂಡೂ, ನನ್ನ ಮಾತು ನಂಬಿ, ಆ ಮರಕ್ಕೆ ಕೊಡಲಿ ಹಾಕಿದಿರಾ?