ರೈಟರ್ ಎಂದು ಹಾಕಿಕೊಂಡ ಮೇಲೆ

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಮೇಲೆ ಸೋಮವಾರಪೇಟೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಸೇರಿ ಅಲ್ಲೇ ಮುದುಕನಾದೆ. ನಮ್ಮಲ್ಲಿ ರೈಟರ್ ಎಂದರೆ ಕಥೆ ಬರೆಯುವವನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಸಂಜೆ ಯಾರು ಎಷ್ಟು ಹಣ್ಣು ಕೊಯ್ದರೆಂದು ತೂಗಿ ಅವರವರ ಹೆಸರಿಗೆ ಬರೆಯುವವನು. ಒಬ್ಬಳು ಕೊಯ್ದದ್ದು ಇನ್ನೊಬ್ಬಳ ಹೆಸರಿಗೆ ಹೋದರೆ ಆಳುಗಳ ಲೈನ್ ಮನೆಗಳಲ್ಲಿ ಜಗಳವೇ. ನನ್ನ ಕಾಲದಲ್ಲಿ ಅಂಥ ಜಗಳ ಆಗಲಿಲ್ಲವೆಂಬ ಹೆಮ್ಮೆ ನನಗಿತ್ತು. ಈಗ ಅದನ್ನು ಹೇಳಿಕೊಳ್ಳಲು ಬಾಯಿ ಬರುವುದಿಲ್ಲ.

ಕೆಲಸ ಬಿಟ್ಟ ಮೇಲೆ ಮನೆಯ ಹಿಂದೆ ಕರಿಮೆಣಸಿನ ಬಳ್ಳಿಯ ನರ್ಸರಿ ಮಾಡಿದೆ. ಅಮ್ಮತ್ತಿ ಕಡೆಯಿಂದ, ತಮ್ಮ ತೋಟವನ್ನು ತಾವೇ ನೋಡಿಕೊಳ್ಳುವ ಒಬ್ಬ ಮಹಿಳೆ ಬಳ್ಳಿ ಕೊಳ್ಳಲು ಬಂದಿದ್ದರು. ಜೀಪಿಗೆ ಗಿಡ ತುಂಬಿಸುತ್ತಾ ನನ್ನನ್ನು ಗದರಿದರು.

"ಅಲ್ಲ ಮಾರಾಯ್ರೆ, ಇಷ್ಟು ಒಳ್ಳೆ ಬಳ್ಳಿ ಇಟ್ಕೊಂಡು ಬಾಯಿ ಮುಚ್ಕೊಂಡು ಕೂತಿದ್ದೀರಲ್ಲ! ಫೋನಲ್ಲಿ ಒಂದು ಅಕೌಂಟ್ ಮಾಡಿ. ದಿನಾ ನಾಲ್ಕು ಸಾಲು ಬರೀರಿ, ಸಾಕು."

"ನಾಲ್ಕು ಸಾಲಲ್ಲಿ ಏನು ಬರೆಯೋದಮ್ಮ?"

"ಬಳ್ಳಿ ಬಗ್ಗೆ ಎರಡು, ನಿಮ್ಮ ಬಗ್ಗೆ ಎರಡು. ಬರೀ ವ್ಯಾಪಾರ ಆದ್ರೆ ಜನ ಓದಲ್ಲ. ಬರೀ ಮನೆ ವಿಷಯ ಆದ್ರೆ ಬಳ್ಳಿ ಹೋಗಲ್ಲ."

ಜೀಪಿನ ಬಾನೆಟ್ ಮೇಲೆ ಫೋನಿಟ್ಟು ಅಕೌಂಟನ್ನು ಅವರೇ ಮಾಡಿಕೊಟ್ಟರು. ಹೆಸರಿನ ಕೆಳಗೆ, ನೀವು ಯಾರು ಎಂದು ಹೇಳಿಕೊಳ್ಳುವ ಜಾಗವಿತ್ತು. "ರೈಟರ್" ಎಂದೆ. ತೋಟದವರಾದ ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಾಗೇ ಹಾಕಿದರು.

ಮೊದಮೊದಲು ನಾನು ಬರೆದದ್ದು ಹಾಜರಿ ಹಾಕಿದ ಹಾಗೇ ಇತ್ತು. "ಬೇರು ಚೆನ್ನಾಗಿ ಬಂದಿದೆ. ಬಳ್ಳಿ ತಯಾರಿದೆ." ಅಮ್ಮತ್ತಿಯವರನ್ನು ಬಿಟ್ಟರೆ ಓದಿದವರು ಕಡಿಮೆ. ಹೀಗಿರುವಾಗ ಒಂದು ದಿನ ನನ್ನ ಹೆಂಡತಿ ಅಂಗಳದಲ್ಲಿ ಮೆಣಸು ಕೇರುತ್ತಾ ಬೇಲಿಯ ಕಡೆ ನೋಡಿ ಹೇಳಿದಳು: "ಸಿಲ್ವರ್ ಮರಕ್ಕೆ ಬಳ್ಳಿ ಹಬ್ಬಿದ್ರೆ ಮರಕ್ಕೇ ಜಂಬ, ಮೆಣಸು ತಾನೇ ಬಿಟ್ಟ ಹಾಗೆ. ನಿಮ್ಮ ಹಾಗೇ ಕಣ್ರಿ!"

ಕೊನೆಯ ಮಾತನ್ನು ಬಿಟ್ಟು ಉಳಿದದ್ದನ್ನು ಬರೆದು ಹಾಕಿದೆ. ಮಧ್ಯಾಹ್ನದೊಳಗೆ ಫೋನು ಟಿಣ್ ಟಿಣ್ ಎನ್ನತೊಡಗಿತು. ಎಂಥ ಮಾತು ಸರ್, ಎಂದರು. ನೀವು ಬರೆದ ಪುಸ್ತಕ ಯಾವುದು ಸರ್, ಎಂದು ಒಬ್ಬರು ಕೇಳಿದರು. ಹಾಜರಿ ಪುಸ್ತಕ ಎಂದು ಉತ್ತರಿಸಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನಾನು ಕೈಮುಗಿದ ಚಿತ್ರ ಒತ್ತಿದೆ. ಅದು ಸುಳ್ಳೂ ಆಗಿರಲಿಲ್ಲ, ನಿಜವೂ ಆಗಿರಲಿಲ್ಲ, ನನಗೆ ಅನುಕೂಲವಾಗಿತ್ತು.

ಆಮೇಲೆ ಹೆಂಡತಿ ಬಾಯಿ ಬಿಡುವುದನ್ನೇ ಕಾಯತೊಡಗಿದೆ. ಅವಳದು ಗುಂಡಿ ಒತ್ತುವ ಹಳೇ ಫೋನು. ನಾನು ಬಳ್ಳಿಯ ವಿಷಯ ಬರೆಯುತ್ತಿದ್ದೇನೆಂದೇ ತಿಳಿದಿದ್ದಳು. ಬಳ್ಳಿಯೂ ಖರ್ಚಾಗುತ್ತಿತ್ತು. ಅವಳ ಮಾತು, ನನ್ನ ಹೆಸರು, ಅದರ ಕೆಳಗೆ ರೈಟರ್.

ಕುಶಾಲನಗರದ ಹತ್ತಿರ ಅವಳ ತಂಗಿಯ ಮನೆ. ತಂಗಿಯ ಗಂಡನಿಗೆ ಪಾರ್ಶ್ವವಾಯು ಹೊಡೆದು ಮಂಚದ ಮೇಲಿದ್ದಾರೆ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ತಂಗಿ ಫೋನು ಮಾಡುತ್ತಿದ್ದಳು. ಇಬ್ಬರೂ ಸೇರಿ ಯಾರ್ಯಾರನ್ನೋ ಆಡಿಕೊಂಡು ನಗುತ್ತಿದ್ದರು. ಒಂದು ಸಂಜೆ ಮಾತ್ರ ನನ್ನವಳು ನಗದೆ ಫೋನಿಟ್ಟು ಹೇಳಿದಳು: "ಅಳು ಬಂದ್ರೆ ಇವಳು ಮಿಕ್ಸಿ ಹಾಕ್ತಾಳಂತೆ ಕಣ್ರಿ, ಗಂಡಂಗೆ ಕೇಳಿಸ್ಬಾರ್ದು ಅಂತ. ಅವರ ಮನೇಲಿ ಚಟ್ನಿ ಜಾಸ್ತಿ ಅಂದ ದಿನ ನಂಗೆ ಗೊತ್ತಾಗಿಬಿಡುತ್ತೆ."

ಅದನ್ನೂ ಹಾಕಿದೆ. ಹಾಕುವಾಗ ನನ್ನ ಕಣ್ಣಲ್ಲೂ ನೀರಿತ್ತು, ಆದರೆ ಬೆರಳು ನಿಲ್ಲಲಿಲ್ಲ. ಯಾವ ಮಾತಿಗೂ ಬಾರದಷ್ಟು ಮೆಚ್ಚುಗೆ ಅದಕ್ಕೆ ಬಂತು. ಜನ ಅದನ್ನು ಫೋಟೋ ಮಾಡಿ ಊರೂರಿಗೆ ಕಳಿಸಿದರು. ತಿರುಗುತ್ತಾ ತಿರುಗುತ್ತಾ ಅದು ತಂಗಿಯ ಸೊಸೆಯ ಫೋನಿಗೂ ಹೋಯಿತು. ಅದರಡಿಯಲ್ಲಿ ನನ್ನ ಹೆಸರು ನೋಡಿದ ಮೇಲೆ ಯಾರ ಮನೆಯ ಮಿಕ್ಸಿ ಎಂದು ಅವಳಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಆ ಸಂಜೆಯ ಫೋನು ಬೇಗ ಮುಗಿಯಿತು. ನನ್ನವಳು ನನ್ನೆದುರು ಬಂದು ನಿಂತಳು.

"ನನ್ ತಂಗಿ ಏನಂದ್ಲು ಗೊತ್ತಾ? ‘ಅಕ್ಕಾ, ಈಗ ಮಿಕ್ಸಿ ಹಾಕಿದ್ರೆ ಮನೆಯೋರೆಲ್ಲ ನನ್ ಮುಖ ನೋಡ್ತಾರೆ, ಇನ್ನು ನಾನೆಲ್ಲಿ ಅಳ್ಲಿ?’ ಅಂದ್ಲು. ಇನ್ಮೇಲೆ ಫೋನ್ ಮಾಡಲ್ಲ ಅಂದ್ಲು."

"ನಾನು ಅವಳ ಹೆಸರು ಹಾಕಿಲ್ವಲ್ಲೇ..."

"ಹೌದು, ಅವಳ್ದು ಹಾಕ್ಲಿಲ್ಲ. ನನ್ನದೂ ಹಾಕ್ಲಿಲ್ಲ."

ಆಗ ನನಗೆ ಹಾಜರಿ ಪುಸ್ತಕ ನೆನಪಾಯಿತು. ಬೇರೆಯವರು ಕೊಯ್ದ ಹಣ್ಣನ್ನು ತನ್ನ ಹೆಸರಿಗೆ ಬರೆದುಕೊಂಡ ರೈಟರನನ್ನು ಯಾವ ಎಸ್ಟೇಟೂ ಇಟ್ಟುಕೊಳ್ಳುವುದಿಲ್ಲ.

ಮರುದಿನದಿಂದ ಸಂಜೆ ಫೋನು ಬರಲಿಲ್ಲ. ನನ್ನವಳು ಅದೇ ಹೊತ್ತಿಗೆ ತನ್ನ ಫೋನಿನ ಪಕ್ಕ ಮೊರ ಹಿಡಿದು ಕೂತು, ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳು. ತಾನೇ ಮಾಡಿದರೆ ಆ ಕಡೆಯಿಂದ ಎತ್ತುತ್ತಿರಲಿಲ್ಲ. ನನ್ನ ಜೊತೆ ಮಾತೆಂದರೆ "ಅನ್ನ ಇಟ್ಟಿದೆ" ಎಂಬಷ್ಟೇ. ಅವಳ ಮಾತಿಲ್ಲದ ಮನೆ ಹೇಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹಾಕಿದ್ದನ್ನು ಅಳಿಸಿದೆ. ಜನರ ಫೋನಿನಲ್ಲಿದ್ದದ್ದು ಅಳಿಯಲಿಲ್ಲ. ಇಷ್ಟು ದಿನ ನೀವು ಮೆಚ್ಚಿದ್ದೆಲ್ಲ ನನ್ನ ಹೆಂಡತಿಯ ಮಾತು, ನಾನು ಹಾಜರಿ ಬರೆಯುತ್ತಿದ್ದವನು, ಎಂದು ಬರೆದೆ. ಬಹಳ ಜನ ಬಿಟ್ಟು ಹೋದರು. ಆದರೆ ತಂಗಿಗೆ ಅದರಿಂದ ಏನಾಯಿತು? ಕೊನೆಗೆ ಕುಶಾಲನಗರದ ಬಸ್ಸು ಹತ್ತಿದೆ.

"ಬನ್ನಿ ಭಾವ" ಎಂದು ನೀರು ಕೊಟ್ಟಳು. ಬಸ್ಸಿನಲ್ಲಿ ಕಟ್ಟಿಕೊಂಡು ಹೋದ ಮಾತೆಲ್ಲ ಮರೆತು, "ತಪ್ಪಾಯ್ತಮ್ಮ" ಎಂದಷ್ಟೇ ಹೇಳಿದೆ. "ಕೂತ್ಕೊಳ್ಳಿ, ದೋಸೆ ಹುಯ್ತೀನಿ" ಎಂದು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಮಿಕ್ಸಿ ಶುರುವಾಯಿತು.

ಮಂಚದ ಮೇಲಿದ್ದ ಅವಳ ಗಂಡ ಸೂರು ನೋಡಿದರು, ನಾನು ನೆಲ ನೋಡಿದೆ. ಚಟ್ನಿಗೆ ಇಷ್ಟು ಹೊತ್ತು ಬೇಕೇ ಎಂಬ ಲೆಕ್ಕ ನನ್ನ ತಲೆಯಲ್ಲಿ ಹೊರಟಿತು. ಆ ಮನೆಯಲ್ಲಿ ಇನ್ನು ಯಾರೇ ಕೂತರೂ ಇದೇ ಲೆಕ್ಕ ಹಾಕುವಂತೆ ಮಾಡಿದವನು ನಾನೇ ಎಂದು ಅಲ್ಲಿ ಪೂರ್ತಿ ಅರ್ಥವಾಯಿತು. ಅವಳು ತಟ್ಟೆ ತಂದಿಟ್ಟಾಗ ಮುಖ ಎತ್ತಲಾಗಲಿಲ್ಲ.

"ಇವತ್ತಿಂದು ಬರೀ ಚಟ್ನಿ ಭಾವ. ಹೆದರದೆ ತಿನ್ನಿ."

ಮಂಚದಿಂದ ಸೊಟ್ಟ ಬಾಯಿಯ ನಗು ಕೇಳಿಸಿತು. ನಾನು ತಿಂದೆ. ಹೊರಡುವಾಗ ಅವಳು ಬಾಗಿಲವರೆಗೆ ಬಂದಳು. "ಅಕ್ಕಂಗೆ ಸಂಜೆ ಫೋನ್ ಮಾಡ್ತೀನಿ ಅಂತ ಹೇಳಿ. ಆದ್ರೆ ಆವಾಗ ನೀವು ಮನೆ ಒಳಗಿರ್ಬೇಡಿ."

ಇದನ್ನು ಬರೆದ ಮೇಲೆ ಅಕ್ಕತಂಗಿ ಇಬ್ಬರಿಗೂ ಓದಿ ಹೇಳಿದ್ದೇನೆ. "ಹಾಕೋದಾದ್ರೆ ಹಾಕಿ. ಆದ್ರೆ ಅಕ್ಕ ಹೇಳಿದ್ದು ಅಂತ ಇರ್ಬೇಕು" ಎಂದಳು ತಂಗಿ. ಇದೆ.

ಅಕೌಂಟು ಈಗಲೂ ಇದೆ. ಎಸ್ಟೇಟ್ ರೈಟರ್ ಆಗಿದ್ದವನು, ಮೆಣಸಿನ ಬಳ್ಳಿ ಸಿಗುತ್ತದೆ ಎಂದು ತಿದ್ದಿದ್ದೇನೆ. ಸಂಜೆ ಫೋನು ಬಂದರೆ ನಾನು ನರ್ಸರಿಗೆ ಹೋಗುತ್ತೇನೆ. ಬಳ್ಳಿಗಳಿಗೆ ನೀರು ಬೇಕಿರಲಿ, ಬೇಡದಿರಲಿ, ಅಲ್ಲೇ ಇರುತ್ತೇನೆ. ಒಮ್ಮೊಮ್ಮೆ ಮಳೆ ಬಂದರೆ ಕೊಡೆ ಹಿಡಿದು ನಿಲ್ಲುತ್ತೇನೆ. ಒಳಗಿನಿಂದ ನಗು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಮುಗಿದ ಮೇಲೆ ನನ್ನವಳು ಹಿತ್ತಿಲ ಬಾಗಿಲಿಗೆ ಬಂದು ಕೂಗುತ್ತಾಳೆ.

"ಆಯ್ತು ಕಣ್ರಿ, ಬನ್ನಿ."