ನಂಬಿದವನ ಮೈ ತೊಳೆದವಳು

ಅಂಜಮ್ಮನಿಗೆ ಭಾವ ತಿಪ್ಪೇಶಪ್ಪನನ್ನು ಕಂಡರೆ ಆಗುತ್ತಿರಲಿಲ್ಲ. ಅವನು ಪ್ರಾರ್ಥನೆಗೆಂದು ಕಣ್ಣು ಮುಚ್ಚಿ ಕೈ ಮೇಲೆತ್ತಿದರೆ ಸಾಕು, ಈಕೆಯ ಮೈಯೆಲ್ಲ ಉರಿಯುತ್ತಿತ್ತು.

ಎಪ್ಪತ್ತಮೂರನೇ ಇಸವಿಯಲ್ಲಿ ಗೋವಿನಕೋವಿಯ ಹೊಳೆಯಲ್ಲಿ ಇಬ್ಬರೂ ಒಂದೇ ದಿನ ಕ್ರೈಸ್ತ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದರು. ನ್ಯಾಮತಿಯ ಹೋಟೆಲುಗಳ ಹೊರಗೆ ನಿಂತು ಚಹಾ ಕುಡಿಯುತ್ತಿದ್ದ ಕೇರಿಯವರಿಗೆ, ಎಲ್ಲರಿಗೂ ಒಂದೇ ಬಟ್ಟಲಿನಿಂದ ಕುಡಿಸುವ ದೇವರು ಹಿಡಿಸಿದ್ದ. ಅಂಜಮ್ಮ ನಂಬಿದ್ದು ಅದಕ್ಕೇ. ತಿಪ್ಪೇಶಪ್ಪನಿಗೆ ಹಿಡಿಸಿದ್ದು ಚರ್ಚಿನ ಸಭಾಪಾಲಕರ ಒಂದು ಮಾತು: ಮನುಷ್ಯನಿಗೆ ರಕ್ಷಣೆ ನಂಬಿಕೆಯಿಂದಲೇ, ಕ್ರಿಯೆಗಳಿಂದಲ್ಲ. ಆ ಮಾತು ಕೇಳಿ ಜಗುಲಿಯ ಮೇಲೆ ಕೂತವನು ಮತ್ತೆ ಯಾವ ಕೆಲಸಕ್ಕೂ ಏಳಲೇ ಇಲ್ಲ.

ಮೂರ್ನಾಲ್ಕು ವರ್ಷಕ್ಕೆ ಅವನ ತಾಯಿ ಓಬವ್ವ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಕಿರಿಮಗ, ಅಂದರೆ ಅಂಜಮ್ಮನ ಗಂಡ, ಅಷ್ಟರಲ್ಲಿ ತೀರಿಕೊಂಡಿದ್ದ. ಅಂಜಮ್ಮ ಬೆಳಿಗ್ಗೆ ಎದ್ದು ಅತ್ತೆಯ ಹೊಲಸು ಬಳಿದು, ಬೆನ್ನಿನ ಹುಣ್ಣು ತೊಳೆದು, ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ತಿಪ್ಪೇಶಪ್ಪ ಮೂಗಿಗೆ ಟವೆಲ್ಲು ಒತ್ತಿಕೊಂಡು, ತಾಯಿಯ ತಲೆದೆಸೆಯಲ್ಲಿ ನಿಂತು ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದ.

"ಭಾವ, ಒಂದು ಬಿಂದಿಗೆ ನೀರು ತಂದ್ಕೊಡ್ರಿ."

"ನಿನ್ನ ಕೆಲಸ ನಿನ್ನನ್ನ ಪರಲೋಕಕ್ಕೆ ಒಯ್ಯಲ್ಲ ಅಂಜಮ್ಮ. ಅವ್ವ ಇನ್ನೂ ಅಂತರಘಟ್ಟಮ್ಮನ ಗುಡಿ ಭಂಡಾರ ಹಣೆಗೆ ಹಚ್ಕೋತಾಳೆ. ನಂಬಿಕೆ ಇಲ್ದೋಳಿಗೆ ನೀನು ಎಷ್ಟು ತೊಳೆದ್ರೂ ನರಕಾನೇ."

"ನರಕಕ್ಕೆ ಹೋಗೋರಿಗೂ ಬಾಯಾರಿಕೆ ಆಗ್ತೈತೆ. ನೀರು ತರ್ರಿ."

ಅವನು ತರಲಿಲ್ಲ. ತಾಯಿಯ ಉಸಿರು ಮೇಲೆ ಕೆಳಗೆ ಆಗುತ್ತಿದ್ದಾಗಲೂ ಕಿವಿಯ ಹತ್ತಿರ ಬಗ್ಗಿ, "ನಂಬ್ತೀಯೇನವ್ವ? ಹೂಂ ಅನ್ನು!" ಎಂದು ಜೀವ ಹಿಂಡಿದ. ಮುದುಕಿ ಸೊಸೆಯ ಕಡೆ ತಿರುಗಿ, "ಇವನ್ನ ಹೊರಗೆ ಕಳಿಸೇ" ಅಂದಳು. ಅದೇ ಅವಳ ಕೊನೆಯ ಮಾತು. ಮುಂದಿನ ಭಾನುವಾರ ತಿಪ್ಪೇಶಪ್ಪ ಸಭೆಯಲ್ಲಿ ಎದ್ದು ನಿಂತು, ತಾಯಿ ಕಡೇ ಗಳಿಗೆಯಲ್ಲಿ ಯೇಸುವನ್ನು ಒಪ್ಪಿಕೊಂಡಳೆಂದು ಸಾಕ್ಷಿ ಹೇಳಿದ. ಎಲ್ಲರೂ ಹಲ್ಲೆಲೂಯ ಅಂದರು. ಇಂಥ ನಾಲಗೆಯನ್ನು ದೇವರಾದರೂ ಹೇಗೆ ಸಹಿಸುತ್ತಾನೆ ಎಂದು ಅಂಜಮ್ಮ ಹಿಂದೆ ಯೋಚಿಸುತ್ತ ಕೂತಿದ್ದಳು.

ಎಂಬತ್ತನಾಲ್ಕರಲ್ಲಿ ತಿಪ್ಪೇಶಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು; ಮಾತು ಮಾತ್ರ ಸೊಟ್ಟಸೊಟ್ಟಗೆ ಉಳಿಯಿತು. ಹೆಂಡತಿ ಇರಲಿಲ್ಲ, ಮಕ್ಕಳಂತೂ ಹುಟ್ಟಿರಲಿಲ್ಲ. ಹೊನ್ನಾಳಿಯಿಂದ ಪ್ರಾರ್ಥನೆಯವರು ಬಸ್ಸಿಳಿದು ಬಂದರು, ಸುತ್ತ ನಿಂತು ಹಾಡಿದರು, ವಾಸನೆ ತಡೆಯಲಾಗದೆ ಬೇಗ ಬೇಗ ಆಮೆನ್ ಅಂದು ಹೊರಟರು. ಅವರು ಹೋದ ಬೆನ್ನಿಗೇ ಅಂಜಮ್ಮ ಬಿಸಿನೀರು ಹಿಡಿದು ಒಳಗೆ ಬಂದಳು. ಹೊರಟುಹೋಗಲು ಅವಳಿಗೂ ಮನಸ್ಸಿತ್ತು; ಕಾಲು ಏಳಲಿಲ್ಲ.

"ನಾನು ನಂಬೀನಿ ಅಂಜಮ್ಮ," ಎಂದು ತಿಪ್ಪೇಶಪ್ಪ ಅತ್ತ. "ನಂಬೀನಿ."

"ನಂಬ್ರಿ ಭಾವ. ಈಗ ಆ ಕಡೆ ಹೊರಳ್ರಿ."

ಎರಡು ವರ್ಷ ಹೀಗೇ ನಡೆಯಿತು. ಒಂದು ದಿನವಾದರೂ ಅವಳಿಗೆ ಅವನ ಮೇಲೆ ಕನಿಕರ ಹುಟ್ಟಲಿಲ್ಲ. ಗಂಜಿ ಕುಡಿಸುವಾಗ ಅವನ ಗದ್ದದ ಮೇಲೆ ಇಳಿಯುವ ಜೊಲ್ಲು ನೋಡಿ ಹೇಸಿಗೆಯಾಗುತ್ತಿತ್ತು. ಅವನು "ದೇವರಿಗೆ ಸ್ತೋತ್ರ" ಅಂದರಂತೂ ಬಟ್ಟಲು ಕುಕ್ಕಿಬಿಡೋಣ ಅನ್ನಿಸುತ್ತಿತ್ತು.

ಒಮ್ಮೆ ಸಭಾಪಾಲಕರು ಬಂದವರು ಇದನ್ನೆಲ್ಲ ಕಂಡು ಕರಗಿದರು. "ನಿಜವಾದ ನಂಬಿಕೆ ಅಂದ್ರೆ ಇದಮ್ಮ. ಇಂಥ ಕ್ರಿಯೆಗೆ ಪರಲೋಕದಲ್ಲಿ ಪ್ರತಿಫಲ ಇದ್ದೇ ಇರುತ್ತೆ."

ಅಂಜಮ್ಮನಿಗೆ ಅವರ ಮೇಲೂ ತಾತ್ಸಾರ ಬಂತು. ಆದರೂ ಕೇಳಿದಳು: "ಅಯ್ನೋರೆ, ಕೈ ತೊಳೀತೈತೆ, ಹೊಟ್ಟೆ ಮಾತ್ರ ಇವ್ರನ್ನ ಶಪಿಸ್ತೈತೆ. ಹಿಂಗೆ ಮಾಡಿದ್ದು ಕ್ರಿಯೆ ಆಗ್ತೈತಾ? ನನಗೆ ರಕ್ಷಣೆ ಐತಾ?"

"ಪ್ರೀತಿ ಬರಲಿ ಅಂತ ಬೇಡ್ಕೋಬೇಕಮ್ಮ."

"ಪ್ರೀತಿ ಬರ್ಲಿ ಅಂತ ಕಾದಿದ್ರೆ ಇವ್ರಿಗೆ ಹುಳ ಬೀಳ್ತಿದ್ವು."

ಸಭಾಪಾಲಕರು ಬೈಬಲ್ಲಿನ ಹಾಳೆ ತಿರುವತೊಡಗಿದರು. ಅಂಜಮ್ಮ ಒಲೆಯ ಕಡೆ ಹೋದಳು. ಇಷ್ಟು ವರ್ಷ ಅವಳು ತನ್ನ ಕೈಗಳನ್ನು ನೆಚ್ಚಿಕೊಂಡು ಭಾವನನ್ನು ಹಳಿದವಳು. ಈಗ ದೇವರು ಹೊಟ್ಟೆಯೊಳಗಿನದನ್ನೂ ನೋಡುವವನಾದರೆ ಆ ಕೈಗಳು ಯಾತಕ್ಕೂ ಬರುವುದಿಲ್ಲವೆಂದು ಹೊಳೆದು, ಒಲೆಯ ಮುಂದೆಯೇ ಕುಕ್ಕರಿಸಿದಳು. ಭಾವನಂತೆಯೇ ತಾನೂ ಬರೀ ಕರುಣೆಗಾಗಿ ಬೇಡಬೇಕಲ್ಲ ಎಂಬುದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ಅವಮಾನವಾಗಿ ಕಂಡಿತು.

ತಿಪ್ಪೇಶಪ್ಪ ಮುಂದಿನ ಬೇಸಿಗೆಯಲ್ಲಿ ಸತ್ತ. ಮಣ್ಣು ಮಾಡಿ ಬಂದ ಮೇಲೆ ಅಂಜಮ್ಮ ಅವನಿಗಾಗಿ ಪ್ರಾರ್ಥಿಸಲು ಕೂತಳು. ಕೊನೆಗೆ, "ನಮ್ಮಿಬ್ರನ್ನೂ ನೋಡ್ಕೋ ಸ್ವಾಮಿ" ಎಂದು ಗೊಣಗಿ ಎದ್ದಳು.